ಹತ್ತಿಯೊಳಗಿನ ತುಂಡುಗಳು

ತಮ್ಮನ ಮೊಣಕಾಲ ಕೆಳಗಿನ ಎಲುಬು ಮುರಿದು ವರ್ಷವಾದರೂ ಕೂಡಿರಲಿಲ್ಲ. ಬಲ ಸೊಂಟದಿಂದ ಎಲುಬು ತೆಗೆದು ಅಲ್ಲಿಗೆ ತುಂಬಿದ್ದೂ ಹಿಡಿಯಲಿಲ್ಲ. ನಾಳೆ ಎಡ ಸೊಂಟದ್ದು. ಅದೂ ಕೈಕೊಟ್ಟರೆ ಕಾಲನ್ನೇ ತೆಗೆಯಬೇಕಾದೀತು, ಹೊಗೆ ಸೇದಿದರೆ ಎಲುಬು ಕೂಡುವುದಿಲ್ಲ, ಸಿಗರೇಟು ಮುಟ್ಟಲೇಬಾರದು ಎಂದು ಡಾಕ್ಟರು ಗದರಿಸಿ ಹೇಳಿದ್ದರು.

ಮುರಿದ ಎಲುಬನ್ನು ಹಿಡಿದಿಡಲು ಹಾಕಿದ್ದ, ಚರ್ಮ ತೂರಿ ಹೊರಬಂದ ಕಂಬಿಗಳ ಬುಡದ ಕೀವನ್ನು ಅಕ್ಕ ದಿನವೂ ಒರೆಸುತ್ತಿದ್ದಳು. ಆ ನಾತಕ್ಕೆ ಒಂದು ದಿನವೂ ಮೂಗು ಮುಚ್ಚಿದವಳಲ್ಲ. ಇಂದು ಆಸ್ಪತ್ರೆಯ ಕೋಣೆಯಲ್ಲಿ ಹತ್ತಿಯ ಸುರುಳಿ ಬಿಚ್ಚಿದರೆ ಒಳಗಿಂದ ಐದಾರು ಸಿಗರೇಟು ತುಂಡುಗಳು ಉದುರಿದವು. ಅವಳು ಈಗ ಮೂಗು ಮುಚ್ಚಿಕೊಂಡಳು.

"ಥೂ! ಈ ಬೂದಿ ಹತ್ತೀಲೇ ನಿನ್ನ ಗಾಯ ಒರೆಸ್ತಿದ್ನಲ್ಲೋ!"

"ಮೆಲ್ಲಗೆ ಅಕ್ಕಾ. ದಿನಕ್ಕೆ ಒಂದೇ ಒಂದು ಕಣೇ. ಎದೆಗೆ ಹೋದ ಹೊಗೆ ಕಾಲಿಗೆ ಇಳಿಯುತ್ತಾ ಹೇಳು?" ಅವನು ಹಲ್ಲು ಕಿರಿದ.

ಅಷ್ಟರಲ್ಲಿ ಡಾಕ್ಟರು ಒಳಬಂದರು. "ಸಿಗರೇಟು ಬಿಟ್ಟು ಎಷ್ಟು ದಿನ ಆಯ್ತು?"

"ಮೂರು ತಿಂಗಳಾಯ್ತು ಡಾಕ್ಟ್ರೇ. ಬೇಕಾದ್ರೆ ಅಕ್ಕನ್ನೇ ಕೇಳಿ."

ಅಕ್ಕ ತುಂಡುಗಳನ್ನು ಹತ್ತಿಯ ಸಮೇತ ಡಾಕ್ಟರ ಕೈಗಿಟ್ಟು, ಮೂಲೆಯ ನಲ್ಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು.

"ನಾಳೆ ಆಪರೇಷನ್ ಇಲ್ಲ" ಎಂದದ್ದು ಬೆನ್ನ ಹಿಂದೆ ಕೇಳಿಸಿತು. ಅವಳು ಇನ್ನೊಮ್ಮೆ ಸೋಪು ಹಚ್ಚಿಕೊಂಡಳು.