ಎದೆಯ ತನಕ ಎದ್ದ ಕೈ

ಖಜೂರಿ ಗಡಿ ನಾಕಾದ ಪೋಲೀಸ ಬಸ್ಸು ಹತ್ತಿ ನನ್ನ ಚೀಲದಲ್ಲಿದ್ದ ಬಾಟಲಿಯ ಮುಚ್ಚಳ ತೆಗೆದು ಮೂಸುತ್ತಿದ್ದಾನೆ, ದಾರೂ ಅಲ್ರಿ ಅಣ್ಣಾ, ನಮ್ಮ ಮನಿಯವರ ಔಷಧ, ಸೊಲ್ಲಾಪುರದ ದವಾಖಾನಿದು — ಮೂಸಲಿ, ಎರಡು ವರ್ಷ ನಾನೂ ಇದನ್ನೇ ಮಾಡಿದೆ, ಮಲಗಿದ ಗಂಡನ ಬಾಯಿ, ಟಾವೆಲು, ಅಂಗಿಯ ತೋಳು, ಅವರದು ಲಾರಿಗೆ ಮಾಲು ಹೇರಿಸುವ ಕೆಲಸ, ಡ್ರೈವರುಗಳ ಸಹವಾಸ, ಎರಡು ವರ್ಷದ ಹಿಂದೆ, ಭೂಕಂಪದ ವರ್ಷ, ಅವರ ಕಣ್ಣು ಹಳದಿಯಾದದ್ದೇ ತಡ ಕುಡಿಯುತ್ತಾರೆಂದು ಓಣಿಗಿಂತ ಮೊದಲು ನಂಬಿದವಳು ನಾನು, ಗಂಡನ ಹೆಸರು ಬಾಯಿಂದ ಹೇಳಬಾರದು, ಮನಸ್ಸಿನಲ್ಲಿ ಹೇಳಿದರೆ ಯಾರು ಕೇಳುತ್ತಾರೆ, ದೌಲತರಾಯ, ಕೊರಳಾಗಿನ ಲಿಂಗ ಮುಟ್ಟಿ ಹೇಳ್ರಿ ಕುಡಿದಿಲ್ಲಂತ ಅಂದೆ, ಅವರ ಕೈ ಎದೆಯ ತನಕ ಎದ್ದಿತು, ನಡುವೆಯೇ ನಿಂತಿತು, ಇಳಿಯಿತು, ದಾರೂ ಮಾತಿಗೆ ಲಿಂಗ ತರಬ್ಯಾಡ ಸುಮಿತ್ರಾ, ಅಷ್ಟೇ ಅಂದರು, ಸಿಕ್ಕಿಬಿದ್ದರು ಅಂದುಕೊಂಡೆ, ಆಳಂದದ ಡಾಕ್ಟರು ಕುಡೀತಾರೇನ್ರಿ ಅಂದಾಗ ಇವರು ಬಾಯಿ ತೆರೆಯುವ ಮೊದಲೇ ಹೌದ್ರಿ ಅಂದೆ, ಮತ್ತೆ ಆ ಕೈ ಎದ್ದಿತು, ಇಳಿಯಿತು, ಡಾಕ್ಟರು ಚೀಟಿಯಲ್ಲಿ ಕುಡಿತ ಎಂದೇ ಬರೆದರು, ಆಮೇಲೆ ಯಾರೂ ಬೇರೆ ಪರೀಕ್ಷೆ ಮಾಡಿಸಲಿಲ್ಲ, ಚಟ ಬಿಡಸ್ರಿ ಅಂದರು, ಇಲ್ಲದ ಚಟ ಬಿಡಿಸಲು ನಾನು ಜಗಳ ಮಾಡಿದೆ, ಉಪವಾಸ ಮಾಡಿದೆ, ಮಾತು ಬಿಟ್ಟೆ — ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಸೊಲ್ಲಾಪುರ, ಅಲ್ಲಿಂದ ರಕ್ತ ಮುಂಬಯಿಗೆ, ಹದಿನೈದು ದಿನ ಕಾದು ಇವತ್ತು ರಿಪೋರ್ಟು, ಆಂಟಿಬಾಡಿ ಸಿಕ್ಕಾವ್ರಿ ಅಕ್ಕಾರ ಅಂದರು ಅಲ್ಲಿಯ ಡಾಕ್ಟರು, ಅವು ಮೈ ಕಾಯಬೇಕಾದವು, ಇವರ ಮೈಯಾಗ ಲಿವರನ್ನೇ ವೈರಿ ಅಂತ ತಿಳಕೊಂಡು ತಿನ್ನಾಕತ್ತಾವ, ಇದು ಕುಡಿದು ಬಂದ ಬ್ಯಾನಿ ಅಲ್ರಿ, ಎರಡು ವರ್ಷದ ಹಿಂದ ಈ ಪರೀಕ್ಷೆ ಆಗಿದ್ದರ ಗುಳಿಗಿಲೇ ತಡೀಬಹುದಿತ್ತು, ಈಗ ಲಿವರ್ ಕಲ್ಲಾಗ್ಯದ, ಈ ಔಷಧ ಕೊಡ್ರಿ, ಇನ್ನ ಬಾಳ ದಿನ ಇಲ್ರಿ, ಮನ್ಯಾಗ ಎಲ್ಲಾರಿಗೂ ಹೇಳಿ ಇಡ್ರಿ — ಕಾಯಬೇಕಾದವೇ ತಿಂದವು, ನಾನೂ ಕಾಯುತ್ತೇನೆಂದೇ ತಿಳಿದಿದ್ದೆ, ಹೋಗ್ಲಿ ಬಿಡ್ರಿ ಅಕ್ಕಾರ, ಔಷಧನೇ ಅದ, ಅಂತ ಪೋಲೀಸ ಮುಚ್ಚಳ ಹಾಕಿ ಬಾಟಲಿ ಕೈಗಿಟ್ಟ, ಒಂದೇ ಸಲ ಮೂಸಿ ನಂಬಿಬಿಟ್ಟ, ಯಾರೋ ಅವನು, ನನ್ನ ಹೆಸರೂ ಗೊತ್ತಿಲ್ಲದವನು, ಬಸ್ಸು ಹೊರಟಿತು, ಮನೆಗೆ ಹೋಗಿ ಹೇಗೆ ಹೇಳಲಿ, ಮೊನ್ನೆಯಿಂದ ನನ್ನ ಗುರುತು ಹತ್ತುತ್ತಿಲ್ಲ ಅವರಿಗೆ, ಕಿವಿಯ ಹತ್ತಿರ ಬಾಯಿಟ್ಟು ಹೇಳುತ್ತೇನೆ, ನೀವು ಕುಡಿದಿಲ್ರಿ, ರಿಪೋರ್ಟಿನಾಗ ಬಂದದ — ಅದು ಅವರಿಗೆ ಗೊತ್ತೇ ಇತ್ತಲ್ಲ, ಗೊತ್ತಿಲ್ಲದವಳು ನಾನೊಬ್ಬಳೇ, ತಪ್ಪಾಯಿತು ಅಂದರೂ ಕೇಳುವ ಕಿವಿ ಇಲ್ಲ, ಎತ್ತಿ ಹಿಡಿದರೆ ತಾನಾಗಿ ಅದುರುವ ಕೈ ಈಗ, ಅಂದು ಅದುರಿರಲಿಲ್ಲ, ಎದೆಯ ತನಕ ಎದ್ದಿತು, ನಿಂತಿತು, ನಂಬದ ನನ್ನ ಮುಖ ನೋಡಿ ಇಳಿಯಿತು, ಆ ಕೈ, ಇಳಿದ ಆ ಕೈ