ಟೆಸ್ಸಾಳ ಕೈಗೆ ಒಗ್ಗಿದ ತೋಟಾ

ಅಂಗಡಿಯ ತೋಟಾ ಕಂಡರೆ ನಮ್ಮಣ್ಣ ಡೆಲ್ಬರ್ಟ್‌ಗೆ ಆಗುವುದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಅವನದೊಂದು ಬೆಂಚು, ಅದರ ಮೇಲೊಂದು ಕೈಯಂತ್ರ. ಹಾರಿಸಿ ಬಿಟ್ಟ ಹಿತ್ತಾಳೆ ಕೊಳವೆಗಳನ್ನು ತೊಳೆದು, ಹೊಸ ಮದ್ದು ತುಂಬಿ, ಬಾಯಿಗೊಂದು ಗುಂಡು ಕೂರಿಸಿ ಒತ್ತುವುದು ಅವನ ಚಳಿಗಾಲದ ಕಸುಬು. ನಮ್ಮ ಓಜಾರ್ಕ್ ಗುಡ್ಡಗಳ ಕಡೆ ಇಂಥ ಗಂಡಸರಿಗೇನೂ ಬರವಿಲ್ಲ. ಹೆಂಡತಿಯ ಹುಟ್ಟಿದ ದಿನ ಮರೆತಾರು, ಯಾವ ತೋಟಾಗೆ ಎಷ್ಟು ಮದ್ದು ಎಂಬುದನ್ನು ಮಾತ್ರ ಮರೆಯುವ ಪೈಕಿಯವರಲ್ಲ.

ಹಾಗಾಗಿ ನನ್ನ ಮಗಳು ಟೆಸ್ಸಾ ರಿವಾಲ್ವರ್ ಕೊಂಡಳೆಂದು ಕಿವಿಗೆ ಬಿದ್ದದ್ದೇ ತಡ, ಕಾಫಿ ಡಬ್ಬಿ ತುಂಬ ತೋಟಾ ಮಾಡಿಕೊಂಡು ನನ್ನ ಅಡುಗೆಮನೆಗೆ ಬಂದು, ಅಲ್ಲೇ ಕೂತಿದ್ದ ಅವಳ ಮುಂದೆ ಮೇಜಿನ ಮೇಲೆ ಕುಕ್ಕಿದ.

"ತಗೋ ಮಗಳೇ. ಎಲ್ಲಾ ಟೊಳ್ಳು ತಲೆಯ ಗುಂಡು. ಮದ್ದಿಗೂ ಕಂಜೂಸ್ ಮಾಡಿಲ್ಲ."

"ಟೊಳ್ಳು ತಲೆಯದ್ದು ಗೋಡೆ ದಾಟಲ್ವಾ ಮಾವ? ನನ್ನ ಗೋಡೆಯ ಆ ಕಡೆಗೇ ಪಕ್ಕದ್ಮನೆ ಹಾರ್ಲನ್ ಅಜ್ಜನ ಮಂಚ ಇರೋದು."

"ಗುರಿ ತಪ್ಪಿದ್ರೆ ಯಾವ್ದಾದ್ರೂ ದಾಟುತ್ತೆ. ಅದಕ್ಕೇ ಗುರಿ ಕಲೀಬೇಕು. ಆದ್ರೆ ತಾಗಿದ್ರೆ, ಇದು ಅರಳಿ ಒಳಗೇ ನಿಂತುಬಿಡುತ್ತೆ. ಸಾದಾ ಗುಂಡು ಹಂಗಲ್ಲ, ಅವನನ್ನೂ ದಾಟಿ ಆ ಅಜ್ಜನ್ನ ಮಾತಾಡಿಸೋಕೆ ಹೋಗುತ್ತೆ."

'ಅವನು' ಅಂದರೆ ಬ್ರೆಂಟ್, ನನ್ನ ಮಾಜಿ ಅಳಿಯ. ಟೆಸ್ಸಾಳ ಬಲಗೈ ಮಣಿಕಟ್ಟು ಮುರಿದು ಕೌಂಟಿ ಜೈಲಿಗೆ ಹೋಗಿದ್ದ. ಸೋಮವಾರ ಬಿಡುಗಡೆ. ಹೊರಗೆ ಬಂದ ಕೂಡಲೇ ಬಂದು ನೋಡಿಕೊಳ್ಳುತ್ತೇನೆ ಎಂದು ಕಂಡಕಂಡವರ ಹತ್ತಿರ ಹೇಳಿ ಕಳಿಸಿದ್ದ. ಅವಳ ಹತ್ತಿರ ಸುಳಿಯಬಾರದೆಂದು ನ್ಯಾಯಾಧೀಶರ ಆದೇಶವೇನೋ ಇತ್ತು. ಆದೇಶಕ್ಕೆ ಬೆಲೆ ಕೊಡುವವನಾಗಿದ್ದರೆ ಮಣಿಕಟ್ಟು ಯಾಕೆ ಮುರಿಯುತ್ತಿದ್ದ? ಶೆರಿಫ್ ಕಚೇರಿಯ ಪೊಲೀಸರು ನಮ್ಮ ರಸ್ತೆಗೆ ಬಂದು ಮುಟ್ಟುವಷ್ಟರಲ್ಲಿ ಒಂದು ಕೋಳಿ ಬೇಯಿಸಿ ತಿಂದು ಮುಗಿಸಬಹುದು.

ನನ್ನ ಮನೆಗೆ ಬಂದಿರು ಎಂದು ಗೋಗರೆದೆ. "ಅವನು ಬರ್ತಾನೆ ಅಂತ ನಾನ್ಯಾಕಮ್ಮ ಮನೆ ಬಿಡ್ಲಿ?" ಎಂದಳು. ಹಟದಲ್ಲಿ ನನ್ನನ್ನೇ ಮೀರಿಸಿದವಳು. ನನಗಿದ್ದ ಭಯ ಒಂದಲ್ಲ, ಎರಡು. ಅವನು ಅವಳನ್ನು ಕೊಂದಾನು ಎಂಬುದೊಂದು. ಇವಳೇ ಅವನನ್ನು ಕೊಂದು ಉಳಿದ ಬದುಕೆಲ್ಲ ಅದನ್ನು ಹೊತ್ತು ತಿರುಗಿಯಾಳು ಎಂಬುದಿನ್ನೊಂದು. ಎರಡನೆಯದನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಮೂವರೂ ಹಳೆಯ ಕಲ್ಲುಗಣಿಗೆ ಹೋದೆವು. ಹಾಲಿನ ಖಾಲಿ ಪ್ಲಾಸ್ಟಿಕ್ ಕ್ಯಾನುಗಳಿಗೆ ನೀರು ತುಂಬಿ ಒಂದರ ಹಿಂದೊಂದು ಇಟ್ಟು, ಮುಂದಿನದಕ್ಕೆ ಹಳೇ ಜೀನ್ಸ್ ಹೊದಿಸಿ ನಿಲ್ಲಿಸಿದ ಡೆಲ್ಬರ್ಟ್. ಬಟ್ಟೆ ದಾಟಿಯೂ ಗುಂಡು ಅರಳುತ್ತದೋ ಇಲ್ಲವೋ ನೋಡಲು ನಮ್ಮಲ್ಲಿ ಹೀಗೇ ಮಾಡುವುದು. ಹುಟ್ಟುಹಬ್ಬಕ್ಕೆ ಬಂದವನ ಹಾಗೆ ಸಿಳ್ಳೆ ಹಾಕುತ್ತಿದ್ದ.

ಟೆಸ್ಸಾ ಒಂದು ಹಾರಿಸಿದಳು. ಕ್ಯಾನು ಚಿಂದಿಯಾಯಿತು. ರಿವಾಲ್ವರ್ ಎಷ್ಟು ಜೋರಾಗಿ ಒದೆಯಿತೆಂದರೆ ಅವಳ ತೋಳು ಹಣೆಯವರೆಗೆ ಎದ್ದಿತು. ತುಟಿ ಕಚ್ಚಿ, ಮುರಿದಿದ್ದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಳು. ಎರಡನೆಯದನ್ನು ಹಾರಿಸಿದಳು. ಮೂರನೆಯದಕ್ಕೆ ಸುಮ್ಮನೆ ನಿಂತಳು.

"ಒತ್ತು," ಎಂದ ಡೆಲ್ಬರ್ಟ್.

"ಒತ್ತುತಾನೇ ಇದೀನಿ."

"ಗಟ್ಟಿಯಾಗಿ ಒತ್ತೇ. ಕೂಸಿನ ಕೆನ್ನೆ ಹಿಂಡಿದ ಹಾಗೆ ಹಿಂಡ್ತಾ ಇದೀಯಲ್ಲ."

"ಮಾವ, ಇದು ತಿರುಗ್ತಾನೇ ಇಲ್ಲ."

ನಳಿಗೆಯನ್ನು ಬಂಡೆಯ ಕಡೆಗೇ ಹಿಡಿದು ಅವಳು ಹಾಗೇ ನಿಂತಿದ್ದಳು. ಡೆಲ್ಬರ್ಟ್ ಹೋಗಿ ಅದನ್ನು ಕೈಗೆ ತೆಗೆದುಕೊಂಡ. ತೋಟಾ ಕೂರುವ ಉರುಳೆಯನ್ನು ತಿರುಗಿಸಲು ನೋಡಿದ, ಆಗಲಿಲ್ಲ. ಹೊರಕ್ಕೆ ತೆರೆಯಲು ನೋಡಿದ, ಅದೂ ಆಗಲಿಲ್ಲ. ಪಿಕಪ್ಪಿನ ಹಿಂಬದಿಗೆ ಕೂತು ಕನ್ನಡಕ ಏರಿಸಿ ಬಗ್ಗಿ ನೋಡಿದ. ಸಿಳ್ಳೆ ನಿಂತೇ ಹೋಗಿತ್ತು.

"ಏನಾಯ್ತು ಹೇಳೋ," ಎಂದೆ.

"ಒಳಗಿರೋ ಒಂದರ ಗುಂಡು ಸಡಿಲ ಆಗಿ ಮುಂದಕ್ಕೆ ಬಂದಿದೆ, ನಡೀನ್. ಹೊರಗೆ ಮೂತಿ ಚಾಚಿ ಅಡ್ಡ ನಿಂತಿದೆ. ಇನ್ನು ಉರುಳೆ ಹೆಂಗೆ ತಿರುಗುತ್ತೆ?"

"ಸಡಿಲ ಯಾಕಾಯ್ತು?"

"ಇವಳ ರಿವಾಲ್ವರ್ ಹಗುರ, ಅದಕ್ಕೇ ಒದೆತ ಜಾಸ್ತಿ. ಒಂದೊಂದು ಸಲ ಒದ್ದಾಗಲೂ ಉಳಿದ ತೋಟಾಗಳನ್ನ ಹಿಂದಕ್ಕೆ ಜಗ್ಗುತ್ತೆ. ಬಾಯಲ್ಲಿರೋ ಗುಂಡು ಮಾತ್ರ ಅಲ್ಲೇ ನಿಲ್ಲೋಕೆ ನೋಡುತ್ತೆ. ನಾನು ಮದ್ದು ಬೇರೆ ಜಾಸ್ತಿ ಹಾಕಿದೀನಿ."

"ಮಾಡಿದ್ಮೇಲೆ ಹಾರಿಸಿ ನೋಡ್ಲಿಲ್ವಾ?"

"ನೋಡ್ದೆ. ನನ್ನದರಲ್ಲಿ ಹಾಕಿ ನೋಡ್ದೆ."

ಅವನದು ನಮ್ಮಪ್ಪನ ಕಾಲದ ಉಕ್ಕಿನ ರಿವಾಲ್ವರ್. ರೊಟ್ಟಿ ಹಂಚಿನಷ್ಟು ಭಾರ. ಅದು ಜಗ್ಗುವುದೂ ಇಲ್ಲ, ಅಲುಗುವುದೂ ಇಲ್ಲ. ಜೀವಮಾನವೆಲ್ಲ ಅದರಲ್ಲೇ ತೋಟಾ ಪರೀಕ್ಷೆ ಮಾಡಿದವನಿಗೆ, ಹೆಣ್ಣುಮಗಳ ಅಂಗೈಯಷ್ಟಗಲದ ರಿವಾಲ್ವರಿನಲ್ಲಿ ಬೇರೆ ಆದೀತು ಎಂದು ಹೊಳೆದೇ ಇರಲಿಲ್ಲ.

ಬಾಯಿಗೆ ಬಂದಂತೆ ಬೈಯಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಬೇರೊಂದು ಹೊಳೆದು ಕಲ್ಲಿನ ಮೇಲೆ ಕೂತುಬಿಟ್ಟೆ. ಸದ್ಯ, ಇದು ಆದದ್ದು ನೀರಿನ ಕ್ಯಾನಿನ ಎದುರು. ಬ್ರೆಂಟ್‌ನ ಎದುರು ಅಲ್ಲ. ದೇವರೇ ನೀನು ದೊಡ್ಡವನು ಎಂದು ಜೋರಾಗಿಯೇ ಅಂದೆ. ಡೆಲ್ಬರ್ಟ್ ಮರದ ಕಡ್ಡಿ ಹಿಡಿದು, ಬೆವರು ಸುರಿಸುತ್ತ, ಬಹಳ ಹೊತ್ತು ಹೆಣಗಾಡಿ ಅದನ್ನು ಬಿಡಿಸಿದ. ಆಮೇಲೆ ತಾನಾಗಿಯೇ, "ನಡೀರಿ, ಆರ್ಡಿತ್ ಅಂಗಡಿಗೆ ಹೋಗೋಣ," ಎಂದ. ಅವನ ಬಾಯಲ್ಲಿ ಆ ಮಾತು ಕೇಳುತ್ತೇನೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ.

ಆರ್ಡಿತ್ ಗಂಡ ಸತ್ತ ಮೇಲೆ ಬಂದೂಕಿನ ಅಂಗಡಿಯನ್ನು ಒಬ್ಬಳೇ ನಡೆಸುವವಳು. ಅವಳ ಬಾಯಿ ಕತ್ತರಿ.

"ಏನ್ ಡೆಲ್ಬರ್ಟ್, ದಾರಿ ತಪ್ಪಿತಾ? ಗೊಬ್ಬರದಂಗಡಿ ಆಚೆ ಬೀದಿ."

"ಬಾಯ್ಮುಚ್ಕೊಂಡು ತೋಟಾ ತೋರಿಸು. ಹುಡುಗೀಗೆ."

ಹುಡುಗಿಗೆ ಎಂದಾಗ ಅವಳು ತಮಾಷೆ ಬಿಟ್ಟಳು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಟೆಸ್ಸಾಳ ಮಣಿಕಟ್ಟು ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, ಒಳಗಿಂದ ಬೇರೆ ಬೇರೆ ಪೆಟ್ಟಿಗೆ ತಂದಿಟ್ಟಳು.

"ಎಲ್ಲಾ ಟೊಳ್ಳು ತಲೆಯದ್ದೇ, ಆದ್ರೆ ಗಿಡ್ಡ ನಳಿಗೆಗೇ ಅಂತ ಮಾಡಿರೋದು. ಉದ್ದ ನಳಿಗೆಯದ್ದನ್ನ ಇದರಲ್ಲಿ ಹಾಕಿದ್ರೆ ವೇಗ ಸಾಲಲ್ಲ, ಅರಳಲ್ಲ. ಇವುಗಳ ಒದೆತಾನೂ ಕಮ್ಮಿ. ಆದ್ರೆ ಪೆಟ್ಟಿಗೆ ಮೇಲೆ ಬರೆದಿರೋದನ್ನ ನಂಬಬೇಡಮ್ಮ, ನನ್ನನ್ನೂ ನಂಬಬೇಡ. ಐದು ತುಂಬು, ನಾಲ್ಕು ಹಾರಿಸು. ಉಳಿದ ಒಂದನ್ನ ತೆಗೆದು ಹೊಸದರ ಪಕ್ಕ ನಿಲ್ಲಿಸಿ ನೋಡು. ಉದ್ದ ಬೆಳೆದಿದ್ರೆ ಗುಂಡು ಜಾರಿದೆ ಅಂತ, ನಂಗೆ ವಾಪಸ್ ತಂದು ಕೊಡು."

ಮತ್ತೆ ಕಲ್ಲುಗಣಿಗೆ ಹೋದೆವು. ಮೊದಲನೆಯ ಪೆಟ್ಟಿಗೆಯದು ಕೂದಲೆಳೆಯಷ್ಟು ಬೆಳೆದಿತ್ತು. "ಬೇಡ," ಎಂದ ಡೆಲ್ಬರ್ಟ್. ಎರಡನೆಯದು ಬೆಳೆಯಲಿಲ್ಲ, ಆದರೆ ಜೀನ್ಸ್‌ನ ನೂಲು ಟೊಳ್ಳಿಗೆ ಮೆತ್ತಿಕೊಂಡು ಗುಂಡು ಅರಳದೆ ಎಲ್ಲಾ ಕ್ಯಾನುಗಳನ್ನೂ ತೂರಿಕೊಂಡು ಹೋಯಿತು. "ಅಜ್ಜ ಹೋದ," ಎಂದಳು ಟೆಸ್ಸಾ. ಅವತ್ತು ಮೊದಲ ಸಲ ನಕ್ಕೆವು. ಮೂರನೆಯದರಲ್ಲಿ ಉಳಿದ ತೋಟಾ ಹೊಸದರ ಸಮಕ್ಕೇ ನಿಂತಿತು. ಗುಂಡು ಚೆನ್ನಾಗಿ ಅರಳಿ ನೀರಿನೊಳಗೇ ಉಳಿದಿತ್ತು. ಟೆಸ್ಸಾ ಪೆಟ್ಟಿಗೆ ಖಾಲಿಯಾಗುವವರೆಗೆ ಹಾರಿಸಿದಳು. ಒಂದೂ ಕೈಕೊಡಲಿಲ್ಲ, ಮಣಿಕಟ್ಟೂ ನೋಯಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಇನ್ನೆರಡು ಪೆಟ್ಟಿಗೆ ಅದನ್ನೇ ಕೊಂಡೆವು.

ಮಂಗಳವಾರ ಮಧ್ಯಾಹ್ನ ನಾನು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಾಗ ಫೋನು ಬಂತು.

"ಅಮ್ಮ, ಬಂದಿದ್ದ. ಶೆರಿಫ್‌ನವ್ರು ಹಿಡ್ಕೊಂಡು ಹೋದ್ರು. ನಂಗೇನೂ ಆಗಿಲ್ಲ. ನೀನು ಬಾ."

ಗಾಡಿ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಡೆಲ್ಬರ್ಟ್ ನನಗಿಂತ ಮೊದಲೇ ಬಂದು ಮೆಟ್ಟಿಲ ಹತ್ತಿರ ನಿಂತಿದ್ದ, ಒಳಗೆ ಹೋಗಲು ಧೈರ್ಯವಿಲ್ಲದೆ. ಟೆಸ್ಸಾ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಮುಖ ಬಿಳಿಚಿತ್ತು, ಮೈಯಲ್ಲಿ ಒಂದು ಗೀರೂ ಇರಲಿಲ್ಲ. ನಾನು ಅಲ್ಲೇ ಪಕ್ಕಕ್ಕೆ ಕೂತೆ.

ಬ್ರೆಂಟ್ ಬಂದು ಬಾಗಿಲು ಗುದ್ದಿದ್ದ, ಒದ್ದಿದ್ದ, ಹಿಡಿ ಹಿಡಿದು ಅಲ್ಲಾಡಿಸಿದ್ದ. ಇವಳು ಶೆರಿಫ್‌ಗೆ ಫೋನು ಮಾಡಿ, ಹಜಾರದ ಕೊನೆಯಲ್ಲಿ ರಿವಾಲ್ವರ್ ಹಿಡಿದು ನಿಂತು, ಒಳಗೆ ಕಾಲಿಟ್ಟರೆ ಹೊಡೆಯುತ್ತೇನೆ ಎಂದು ಹೇಳಿದ್ದಳು. ಕೂಗಲಿಲ್ಲವಂತೆ, ಮಾಮೂಲಿ ದನಿಯಲ್ಲೇ ಹೇಳಿದಳಂತೆ. ಚಿಲಕ ಅರ್ಧ ಕಿತ್ತು ಬಂದಿತ್ತು. ಆಮೇಲೆ ಅವನಿಗೇ ಏನನಿಸಿತೋ, ಬೈಯುತ್ತ ಅಂಗಳಕ್ಕಿಳಿದ. ಶೆರಿಫ್‌ನವರು ಬಂದಾಗ ಅವಳ ಕಾರಿನ ಚಕ್ರ ಕೊಯ್ಯುತ್ತ ಕೂತಿದ್ದನಂತೆ, ಮೂರ್ಖ.

ಡೆಲ್ಬರ್ಟ್ ಬಾಗಿಲಲ್ಲಿ ನಿಂತು ಟೋಪಿ ಹಿಂಡುತ್ತಿದ್ದ. "ನನ್ನ ತೋಟಾ ಇದ್ದಿದ್ರೆ ಏನ್ ಗತಿಯಾಗ್ತಿತ್ತು ಮಗಳೇ. ಸಿಕ್ಕಿ ಹಾಕ್ಕೊಂಡು ನಿನ್ನನ್ನ ಅವನ ಕೈಗೆ ಕೊಡ್ತಿತ್ತು."

ಟೆಸ್ಸಾ ತಲೆಯಾಡಿಸಿದಳು. "ಇಲ್ಲ ಮಾವ. ಅವನು ಸಾಯ್ತಿದ್ದ."

"ಹೆಂಗೆ?"

"ಎಲ್ಲಿ ಕೈಕೊಡುತ್ತೋ ಅನ್ನೋ ಭಯಕ್ಕೆ, ಅವನು ಹಿಡಿ ಮುಟ್ಟಿದ ಕೂಡ್ಲೇ ಬಾಗಿಲ ಮೇಲೇ ಹೊಡೆದುಬಿಡ್ತಿದ್ದೆ. ಇದು ಕೈಕೊಡಲ್ಲ ಅಂತ ಗೊತ್ತಿತ್ತು. ಅದಕ್ಕೆ ಕಾಯೋಕೆ ಆಯ್ತು."

ನಾನು ಅವಳ ತಲೆಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತೆ. ಮಗಳು ಬದುಕಿದ್ದಳು. ಅವಳ ಕೈಯಿಂದ ಯಾರೂ ಸತ್ತಿರಲಿಲ್ಲ. ನನ್ನ ಎರಡು ಭಯವೂ ಒಂದೇ ಮಧ್ಯಾಹ್ನ ಇಳಿದು ಹೋದವು. "ಸಾಕಮ್ಮ, ಉಸಿರು ಕಟ್ತಾ ಇದೆ," ಎಂದು ಅವಳು ಬೈದರೂ ನಾನು ಬಿಡಲಿಲ್ಲ.