ಮೈಸ್ತ್ರಿ

ಗಿರಿಯಮ್ಮ ದ್ಯಾಮಮ್ಮನ ತಣ್ಣಗಾದ ಹಣೆಗೆ ಅರಿಶಿನ ಹಚ್ಚುತ್ತಿದ್ದಳು. ಹಿರಿಯೂರಿನ ಶೇಂಗಾ ಮಿಲ್ಲಿನಲ್ಲಿ ಏಳು ವರ್ಷ ಪಕ್ಕಪಕ್ಕ ಕೂತು ಹುಳುಕು ಬೀಜ ಆರಿಸಿದ ಗೆಳತಿ. ಊರೆಲ್ಲರ ದನಿ ಅಣಕಿಸುತ್ತಿದ್ದವಳು ಈಗ ಯಾರ ದನಿಯನ್ನೂ ತೆಗೆಯದೆ ಮಲಗಿದ್ದಳು.

ಅಂಗಳಕ್ಕೆ ಬಂದ ಮಿಲ್ಲಿನ ಮೇಸ್ತ್ರಿ ರಂಗಪ್ಪ, ದ್ಯಾಮಮ್ಮನ ತಂಗಿಮಗಳು ಪುಟ್ಟಕ್ಕನ ಪಕ್ಕದಲ್ಲೇ ಕೂತ. ಹುಡುಗಿ ಶ್ರೀರಾಂಪುರದಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು.

“ಅಳಬ್ಯಾಡ ಮಗಳೇ. ದೊಡ್ಡಮ್ಮನ ಕೆಲಸ ನಿಂದೇ. ಬಿಸಿಲಾಗೆ ಕೂರಸಲ್ಲ, ಗೋಡೌನಾಗೇ ಇರು.”

ದೇವರಂಥ ಮನುಷ್ಯ ಎಂದು ಹಿರಿಯರು ತಲೆದೂಗಿದರು. ಗಿರಿಯಮ್ಮನ ಬೆರಳು ಅರಿಶಿನದಲ್ಲೇ ನಿಂತಿತು. ಈ ಹುಡುಗಿಗೆ ಇನ್ನು ಯಾರು ಹೇಳಬೇಕು?

*

ಎಪ್ಪತ್ತೊಂದನೇ ಇಸವಿ. ಗಿರಿಯಮ್ಮ ಕೆಲಸಕ್ಕೆ ಸೇರಿದ ಮೊದಲ ದಿನ, ಊಟದ ಹೊತ್ತಿನಲ್ಲಿ ದ್ಯಾಮಮ್ಮ ಸೀರೆಯನ್ನು ಪಂಚೆಯ ಹಾಗೆ ಎತ್ತಿ ಕಟ್ಟಿ, ಹೆಗಲಿಗೆ ಟವೆಲು ಹಾಕಿ, ಗಂಟಲು ಸರಿಮಾಡಿಕೊಂಡು ಥೇಟು ರಂಗಪ್ಪನೇ ಆಗಿಬಿಟ್ಟಳು. ಬಾಯಲ್ಲಿ “ಮಗಳೇ, ಮಗಳೇ”. ಕೈ ಮಾತ್ರ ಬಾಯಿಯ ಮಾತು ಕೇಳದೆ ಹೆಂಗಸರ ಬೆನ್ನುಗಳ ಮೇಲೆ ಸಂಚಾರ ಹೊರಟಿತ್ತು. ಅವರೆಲ್ಲ ನಕ್ಕು ನಕ್ಕು ಮೊರದ ಬೀಜ ಚೆಲ್ಲಾಪಿಲ್ಲಿ.

“ಅವ ಮೇಸ್ತ್ರಿ ಅಲ್ಲ ಕಣೆ, ಮೈಸ್ತ್ರಿ. ಹೆಂಗಸ್ರ ಮೈ ಮ್ಯಾಲೇ ಅವನ ಮೇಸ್ತ್ರಿಕೆ. ಗೋಡೌನಿಗೆ ಕರೆದ್ರೆ ನನ್ನ ಕೂಗು, ಇಬ್ರೂ ಹೋಗಾಣ.”

ಇದನ್ನೆಲ್ಲ ಆಡಿ ತೋರಿಸುವುದೇಕೆಂದು ಗಿರಿಯಮ್ಮ ಕೇಳಿದ್ದಳು. ದ್ಯಾಮಮ್ಮ ಟವೆಲು ಮಡಿಸುತ್ತ, ತನ್ನದೇ ದನಿಯಲ್ಲಿ ಹೇಳಿದಳು: “ನಂಗೆ ಯಾರೂ ಹೇಳಿರಲಿಲ್ಲ.”

ಹೊಸಬಳು ಬಂದಾಗಲೆಲ್ಲ ಆ ಆಟ ನಡೆಯಿತು. ಗೋಡೌನಿಗೆ ಒಬ್ಬಂಟಿಯಾಗಿ ಯಾರೂ ಹೋಗಲಿಲ್ಲ.

*

ರಂಗಪ್ಪನ ಕೈ ಸಮಾಧಾನ ಮಾಡುತ್ತ ಮಾಡುತ್ತ ಪುಟ್ಟಕ್ಕನ ಬೆನ್ನಿನಿಂದ ಸೊಂಟಕ್ಕೆ ಇಳಿದಿತ್ತು. ಗಿರಿಯಮ್ಮ ಅವನಂತೆ ಗಂಟಲು ಸರಿಮಾಡಿಕೊಳ್ಳಲು ನೋಡಿದಳು, ಹೊರಟದ್ದು ಅಳು. ಆಡಿ ತೋರಿಸುವ ವಿದ್ಯೆ ಅವಳಿಗಿರಲಿಲ್ಲ. ನಾಳೆ ತನ್ನ ಕೆಲಸ ಉಳಿಯುವುದೂ ಇವನ ಕೈಯಲ್ಲೇ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

“ಮೇಸ್ತ್ರಿಗಳೇ, ಕೈ ತಗೀರಿ,” ಎಂದಳು. “ಪುಟ್ಟಕ್ಕ, ಈ ಕಡೆ ಬಾರವ್ವ. ನಮ್ ಮಿಲ್ಲಾಗೆ ಗೋಡೌನಿಗೆ ಯಾರೂ ಒಬ್ಬಳೇ ಹೋಗಲ್ಲ. ಯಾಕಂತ ಇವರ ಮುಂದೇ ಹೇಳ್ತೀನಿ.”

ತಲೆದೂಗಿದ್ದ ಹಿರಿಯರು ಮೇಸ್ತ್ರಿಯತ್ತ ತಿರುಗಿದರು. ರಂಗಪ್ಪ ಎದ್ದು, ಕಾಲಲ್ಲೇ ಇದ್ದ ಚಪ್ಪಲಿಗಾಗಿ ಅತ್ತಿತ್ತ ಹುಡುಕಾಡಿದ.

ಹೆಣದ ಸುತ್ತ ಮಿಲ್ಲಿನ ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ನಡುವೆ ಬೆರಳು ತೂರಲೂ ಸಂದಿರಲಿಲ್ಲ. ಪುಟ್ಟಕ್ಕ ಎದ್ದು ಬಂದಾಗ ಎಲ್ಲರೂ ತುಸುತುಸುವೇ ಜರುಗಿದರು. ದ್ಯಾಮಮ್ಮನ ತಲೆಯ ಬಳಿ ಒಬ್ಬಳು ಕೂರುವಷ್ಟು ಜಾಗವಾಯಿತು.